ಕಣಿವೆಗೆ ಮತ್ತೆ ಇಳಿಯುವವರಿಗೆ

ಶಾಲಿವಾಹನ ಶಕೆ ೨೩೨೨, ರೌದ್ರಿ ಸಂವತ್ಸರ, ಫಾಲ್ಗುಣ ಮಾಸ
ಹೊಸಕಟ್ಟಿಯ ಪಡುವಣ ದಿಬ್ಬದ ಮೇಲಿನಿಂದ

ಇನ್ನೂ ಹುಟ್ಟದ ನನ್ನ ಮರಿಮಕ್ಕಳ ಮರಿಮಕ್ಕಳಿಗೆ ಪಡುವಲಕೇರಿಯ ಬಾಳವ್ವ ಮಾಡುವ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆದು ಮುಂದುವರಿಯುವುದು ನಮ್ಮ ಹಿರಿಯರ ರೂಢಿ. ಎಲ್ಲರೂ ಕ್ಷೇಮವಾಗಿಲ್ಲ, ಆದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ನನ್ನ ಮಾತು ನಿಮ್ಮ ಕಾಲಕ್ಕೆ ಎಷ್ಟು ಹಳತಾಗಿರುತ್ತದೋ ತಿಳಿಯದು. ಕೃಷ್ಣೆಯ ದಂಡೆಯಿಂದ ಬಂದ ಕನ್ನಡ ಈ ಆಫ್ರಿಕಾದ ಸೀಳುಕಣಿವೆಯಲ್ಲಿ ಬೇರು ಬಿಟ್ಟು ಒಂದಿಷ್ಟು ಹೊಸ ಮಾತುಗಳನ್ನು ಹಡೆದಿದೆ. ಅಲ್ಲಲ್ಲಿ ಅವುಗಳ ಅರ್ಥ ಹೇಳುತ್ತ ಹೋಗುತ್ತೇನೆ. ತಿಳಿಯದ ಕಡೆ ಗಟ್ಟಿಯಾಗಿ ಓದಿರಿ, ಕಿವಿಗೆ ಬಿದ್ದರೆ ತಿಳಿದೀತು.

ನೀವು ಈ ಕಣಿವೆಗೆ ಮತ್ತೆ ಇಳಿಯುತ್ತೀರಿ ಎಂಬುದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಈಗ ಕೆಳಗೆ ಕಾಣುವ ಕರಿಬಂಡೆ ಪುಡಿಯಾಗಿ ಮಣ್ಣಾಗುತ್ತದೆ, ಮಣ್ಣಿನಲ್ಲಿ ಜೋಳ ಎದೆಯೆತ್ತರ ಬರುತ್ತದೆ, ನೆಲದಿಂದ ಬಿಸಿ ಉಗಿ ತಾನಾಗಿ ಏಳುತ್ತದೆ. ಇಷ್ಟಿದ್ದರೆ ಮನುಷ್ಯ ಇಳಿಯದೆ ಇರಲಾರ. ನಮ್ಮ ಹಿರಿಯರೂ ಹಾಗೆಯೇ ಇಳಿದವರು. ಅವರು ಊರಲ್ಲಿ ಕೊಳವೆಬಾವಿ ಕೊರೆಯುತ್ತಿದ್ದ ಜನ. ನೀರಿಗಾಗಿ ಕೊರೆಯುತ್ತಿದ್ದವರನ್ನು ಉಗಿಗಾಗಿ ಕೊರೆಯಲು ಇಲ್ಲಿಗೆ ಕರೆತಂದರು. ಬಂದವರು ಉಳಿದರು, ಇಲ್ಲಿಯ ಜನರೊಡನೆ ಬೀಗತನ ಬೆಳೆಸಿದರು. ಜೋಳ ಮೊದಲು ಬೆಳೆದದ್ದು ಈ ಸೀಮೆಯಲ್ಲೇ ಎಂದು ತಿಳಿದಾಗ ನಮ್ಮ ಮುತ್ತಜ್ಜಿಯರು ರೊಟ್ಟಿಯೇ ತಮ್ಮನ್ನು ತವರಿಗೆ ಕರೆದುಕೊಂಡು ಬಂತು ಎಂದು ನಕ್ಕರಂತೆ.

ಹೊಸಕಟ್ಟಿ ಒಂದು ಊರಲ್ಲ, ಎರಡು ಕೇರಿ. ಕಣಿವೆಯ ಮೂಡಣ ಗೋಡೆಯ ಬುಡದಲ್ಲಿ ಮೂಡಲಕೇರಿ. ಪಡುವಣ ಗೋಡೆಯಿಂದ ಅರ್ಧ ದಿನದ ನಡಿಗೆಯಷ್ಟು ಒಳಗೆ, ಬಯಲಿನಲ್ಲಿ ಪಡುವಲಕೇರಿ. ನಡುವೆ ಉಗಿಬಾವಿಗಳ ಸಾಲು. ಆ ಸಾಲು ಇದ್ದ ಜಾಗವನ್ನು ನಾವು ಹೊಲಿಗೆ ಎನ್ನುತ್ತೇವೆ. ನೆಲದ ಎರಡು ದೊಡ್ಡ ತುಂಡುಗಳು ಕೂಡುವ ಗೆರೆ ಅದು. ಬಾವಿಯ ಉಗಿಯಲ್ಲಿ ನಮ್ಮ ದೀಪ ಉರಿಯುತ್ತಿತ್ತು. ಬಿಸಿಬಂಡೆಯ ಮೇಲೆ ರೊಟ್ಟಿ ಬೇಯುತ್ತಿತ್ತು, ಮಕ್ಕಳಿಗೆ ವರ್ಷವಿಡೀ ಬಿಸಿನೀರಿನ ಸ್ನಾನ ಸಿಗುತ್ತಿತ್ತು. ಆಗಾಗ ನೆಲ ಅದುರಿ ನೆಲುವಿನ ಗಡಿಗೆಗಳು ತೂಗಾಡುತ್ತಿದ್ದವು. ಮಕ್ಕಳು ನೆಲವನ್ನೇ ಅಜ್ಜಿ ಎಂದು ಕರೆದು, "ಅಜ್ಜಿ ಮಗ್ಗಲಾದ್ಲು" ಎಂದು ಆಟ ಮುಂದುವರಿಸುತ್ತಿದ್ದರು. ನಾವು ದೊಡ್ಡವರೂ ಹಾಗೆಯೇ ಬದುಕಿದ್ದೆವು.

ನಾನು ಪಡುವಲಕೇರಿಯ ಹಿರಿಯಳು. ಪಂಚರ ಮಾತು ಕೇಳಿ ಕೊನೆಯ ಮಾತು ಹೇಳುವುದು ನನ್ನ ಕೆಲಸ. ನನ್ನ ಮನೆಯವರು ತೀರಿಹೋಗಿ ಬಹಳ ಕಾಲವಾಯಿತು. ಒಬ್ಬಳೇ ಮಗಳು ರೇಣವ್ವ. ಅವಳನ್ನು ಮೂಡಲಕೇರಿಯ ತೋಲಪ್ಪನಿಗೆ ಕೊಟ್ಟಿದ್ದೆ. ತೋಲಪ್ಪನ ತಾಯಿ ಬೊಂತವ್ವ ಇದೇ ನೆಲದ ಮನೆತನದವಳು, ಬಾಯಿ ಬಿರುಸು, ಕೈ ಧಾರಾಳ. ಮಗಳು ಬಸುರಾದಳು. ಸೀಮಂತದ ಕುಬಸ ಆಯಿತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಲ್ಲ? ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಎಡೆಯ ಚರಗ ಚೆಲ್ಲಿ ಆಮೇಲೆ ಕಳಿಸುತ್ತೇನೆ ಎಂದು ಬೊಂತವ್ವ ಹೇಳಿಕಳಿಸಿದ್ದಳು. ನಾನು ಬಾಣಂತಿಯ ಕೋಣೆಗೆ ಸುಣ್ಣ ಬಳಿಸಿ ಕಾಯುತ್ತಿದ್ದೆ.

ಎಳ್ಳಮಾಸಿ ಇನ್ನೂ ದೂರವಿದ್ದಾಗಲೇ ಬಡಗಣದಲ್ಲಿ, ನಮಗೆ ಬಹಳ ಆಚೆ, ನೆಲ ಪದೇ ಪದೇ ನಡುಗತೊಡಗಿತು. ಮೊದಲು ತಿಳಿದದ್ದು ಹುಲಿಗೆಪ್ಪನಿಗೆ. ನೆಲಗಿವಿ ನೋಡಿಕೊಳ್ಳುವುದು ಅವನ ಕೆಲಸ. ನೆಲಗಿವಿ ಎಂದರೆ ಕಣಿವೆಯುದ್ದಕ್ಕೂ ಹೂಳಿಟ್ಟ ಯಂತ್ರಗಳು. ನಮ್ಮ ಕಾಲಿಗೆ ತಿಳಿಯದ ಅದುರನ್ನೂ ಅವು ಕೇಳಿಸಿಕೊಂಡು, ಅದು ಎಲ್ಲಿ ಹುಟ್ಟಿತು ಎಂದು ತೋರಿಸುತ್ತವೆ. ಹುಲಿಗೆಪ್ಪ ಕಡಿಮೆ ಮಾತಿನವನು, ಬಲು ಅಂಜುಬುರುಕ ಎಂದು ಹೆಸರು ಪಡೆದವನು. ಅವನು ಪ್ರತಿ ಮುಂಜಾನೆ ಚಾವಡಿಗೆ ಬಂದು ಸುಮ್ಮನೆ ಕೂತು ಹೋಗತೊಡಗಿದ. ಒಂದು ದಿನ ನಾನೇ ಕೇಳಿದೆ. ಅವನು ಕಣಿವೆಯ ನಕ್ಷೆಯನ್ನು ನೆಲದ ಮೇಲೆ ಹಾಸಿದ. ನಡುಗಿದ ಪ್ರತಿ ಜಾಗಕ್ಕೂ ಒಂದೊಂದು ಚುಕ್ಕಿ ಇಟ್ಟಿದ್ದ.

"ನೋಡ್ರಿ ಬಾಳಕ್ಕ, ಇವು ಹ್ವಾದ ವಾರದ್ವು, ಇವು ನಿನ್ನಿವು. ಒಂದಾದ್ರೂ ಹೊಲಿಗಿ ಬಿಟ್ಟು ಆಜೂಬಾಜೂ ಬಿದ್ದೈತೇನು?"

ಬಿದ್ದಿರಲಿಲ್ಲ. ರಂಗೋಲಿಗೆ ಚುಕ್ಕಿ ಇಟ್ಟಂತೆ ಎಲ್ಲವೂ ಹೊಲಿಗೆಯ ಮೇಲೆಯೇ ಸಾಲಾಗಿ ಕೂತಿದ್ದವು. ಸಾಲಿನ ತುದಿ ದಿನದಿನಕ್ಕೆ ನಮ್ಮ ಕಡೆಗೆ ಬೆಳೆಯುತ್ತಿತ್ತು.

ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನೀವು ಕಣಿವೆಗೆ ಇಳಿಯುವ ಮೊದಲು ತಿಳಿದಿರಬೇಕಾದದ್ದು ಇದೇ. ಕಾಲ ಕೆಳಗಿನ ನೆಲ ಒಂದೇ ಹಾಸಲ್ಲ. ಅದು ಕೌದಿಯ ಹಾಗೆ ತುಂಡುತುಂಡಾಗಿದೆ. ಒಂದೊಂದು ತುಂಡೂ ಖಂಡದಷ್ಟು ಅಗಲ, ತಣ್ಣಗೆ, ಗಟ್ಟಿ. ಉಗುರು ಬೆಳೆಯುವಷ್ಟು ನಿಧಾನವಾಗಿ ಅವು ಸರಿಯುತ್ತಲೇ ಇರುತ್ತವೆ. ನಡುವಿನಲ್ಲಿ ಕೂತವನಿಗೆ ಸರಿದದ್ದು ತಿಳಿಯುವುದಿಲ್ಲ, ಅವನ ಸುತ್ತಲಿನದೆಲ್ಲ ಅವನ ಜೊತೆಗೇ ಸರಿಯುತ್ತದೆ. ತಿಕ್ಕಾಟ ಇರುವುದು ಅಂಚುಗಳಲ್ಲಿ. ಕೆಲವೆಡೆ ಎರಡು ತುಂಡು ಒಂದನ್ನೊಂದು ಉಜ್ಜಿಕೊಂಡು ಹೋಗುತ್ತವೆ. ಅಂಚು ಸಿಕ್ಕಿಹಾಕಿಕೊಂಡು, ಬಿಗಿದು ಬಿಗಿದು, ಒಮ್ಮೆಲೆ ಜಾರಿದಾಗ ಭೂಕಂಪ. ಕೆಲವೆಡೆ ಒಂದು ತುಂಡು ಇನ್ನೊಂದರ ಅಡಿಗೆ ನುಗ್ಗುತ್ತದೆ. ಮೂಡಣ ಸಮುದ್ರದ ದ್ವೀಪಗಳಲ್ಲಿ ಆಗುವುದು ಅದು. ಕೆಳಗಿಳಿದ ತುಂಡು ತನ್ನೊಳಗಿನ ನೀರನ್ನು ಆಳದಲ್ಲಿ ಬಿಟ್ಟುಕೊಡುತ್ತದೆ, ಆ ನೀರು ಸೇರಿದ ಬಿಸಿಕಲ್ಲು ಬೇಗ ಕರಗಿ ಬೆಂಕಿಬೆಟ್ಟವಾಗಿ ಮೇಲೇಳುತ್ತದೆ. ನಮ್ಮ ಕಣಿವೆಯಲ್ಲಿ ಎರಡು ತುಂಡು ದೂರ ದೂರ ಸರಿಯುತ್ತವೆ. ಹೊಲಿಗೆ ತೆಳುವಾಗುತ್ತದೆ. ಮೇಲಿನ ಭಾರ ಇಳಿದ ಕೂಡಲೇ ಕೆಳಗಿನ ಬಿಸಿಕಲ್ಲು ಉಬ್ಬಿ ಮೇಲೆ ಬಂದು ಕರಗುತ್ತದೆ. ಕರಗಿದ್ದು ಬಿರುಕು ಹುಡುಕುತ್ತದೆ. ಬಿರುಕು ಸಿಗದಿದ್ದರೆ ತಾನೇ ಸೀಳಿಕೊಂಡು ಹೋಗುತ್ತದೆ. ಹುಲಿಗೆಪ್ಪನ ಚುಕ್ಕಿಗಳು ಆ ಸೀಳುವಿಕೆಯ ಸದ್ದು.

ಎಲ್ಲ ಕಂಪನವೂ ಅಂಚಿನಲ್ಲೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಹಿರಿಯರ ದಖ್ಖನ್ನಿನ ಕರಿಮಣ್ಣು ಮನುಷ್ಯ ಹುಟ್ಟುವ ಎಷ್ಟೋ ಮೊದಲು ತುಂಡಿನ ನಡುವಿನಲ್ಲೇ ಉಕ್ಕಿದ ಬೆಂಕಿಯಿಂದ ಆದದ್ದು. ನಡುವಿನಲ್ಲಿ ನೆಲ ನಡುಗಿ ಊರುಗಳು ನೆಲಸಮವಾದದ್ದೂ ಉಂಟು. ಆದರೆ ಅವು ಅಪರೂಪ. ಲೋಕದ ನಕ್ಷೆಯ ಮೇಲೆ ನಡುಗಿದ ಜಾಗಗಳನ್ನೂ ಬೆಂಕಿ ಉಗುಳಿದ ಜಾಗಗಳನ್ನೂ ಗುರುತು ಮಾಡಿದರೆ, ತುಂಡುಗಳ ಅಂಚನ್ನು ಬೇರೆ ಬರೆಯಬೇಕಾಗಿಯೇ ಇಲ್ಲ.

ಚಾವಡಿಯಲ್ಲಿ ಎಲ್ಲರನ್ನೂ ಕರೆಸಿದೆ. ಹೊರಡಬೇಕು ಎಂಬುದಕ್ಕೆ ಹೆಚ್ಚು ಜನ ಒಪ್ಪಿದರು. ಎಲ್ಲಿಗೆ ಎಂಬಲ್ಲಿ ಜಗಳವಾಯಿತು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಮುರಿಗೆಪ್ಪ ಎದ್ದು ನಿಂತ. ಅವನಿಗೆ ಬಿಸಿಲುಗಾಡಿಗಳಿದ್ದವು, ಎಂದರೆ ಬಿಸಿಲನ್ನೇ ಕುಡಿದು ಓಡುವ ಗಾಡಿಗಳು. ಅವನ ಹೆಂಡತಿ ಫಕೀರವ್ವನಿಗೆ ಸೊಂಟ ಬಿದ್ದು ನಡೆಯಲು ಬರುತ್ತಿರಲಿಲ್ಲ.

"ಬಡಗ ದಿಕ್ಕಿನಿಂದ ಬರಾಕತ್ತೈತಿ ಅಂದ್ರ ನಾವು ತೆಂಕಲಾಗ ಹೋದ್ರಾತು," ಎಂದ. "ಕೆರಿ ತನಕ ಎರಡು ದಿನದ ರಸ್ತಾ, ಸಪಾಟ ಐತಿ. ಮುದುಕರು, ಬ್ಯಾನಿ ಇದ್ದವರು ಗಾಡ್ಯಾಗ ಕುಂತು ಹೋಗ್ತಾರ. ಆ ಗ್ವಾಡಿಯಂಥಾ ದಿಬ್ಬ ಯಾವಾಕಿ ಹತ್ತತಾಳ?"

ಹುಲಿಗೆಪ್ಪ ನಕ್ಷೆ ಹಿಡಿದು ಎದ್ದ. "ಮಾವ, ರಸ್ತಾ ಸಪಾಟ ಯಾಕೈತಿ ಹೇಳ್ರಿ? ಹೊಲಿಗಿ ಹಿಡದು ಹೊಂಟೈತಿ ಅದು. ಕೆಳಗಿನ ಬೆಂಕಿಗೂ ಅದ ಹಾದಿ. ನೀವು ಅದರ ಮುಂದ ಮುಂದ ಓಡಿದ್ರ, ಅದು ನಿಮ್ಮ ಹಿಂದ ಹಿಂದ ಬರತೈತಿ. ಬಾಜೂಕ ಸರೀಬೇಕ್ರಿ, ದಿಬ್ಬ ಹತ್ತಬೇಕು."

"ಫಕೀರವ್ವನ್ನ ನಾವು ಹೊತಗೊಂಡು ಹೋಗ್ತೀವೋ ತಮ್ಮಾ," ಎಂದೆ. "ನಾಕ ಮಂದಿ ಹೆಗಲ ಕೊಟ್ರ ಎಷ್ಟೊತ್ತಿನ ಮಾತು?"

"ಹೆಣಾ ಹೊತ್ತಂಗ ಹೊರ್ತೀರೇನು ನನ್ನ ಹೇಣ್ತೀನ?" ಎಂದ ಅವನು. ಆಮೇಲೆ ಅವನೇ ದನಿ ತಗ್ಗಿಸಿ, "ಅಕ್ಕಾ, ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಆಕೀಗೆ ನೋವಾಗದಂಥಾ ಹಾದಿ ಇದೊಂದ ನೋಡು," ಎಂದ.

ಇನ್ನೂ ಕೆಲವು ಮನೆಯವರು ಅವನ ಜೊತೆ ಹೊರಟರು. ಗಾಡಿಯ ಮುಂದೆ ನಿಂತು ಅಡ್ಡಗಟ್ಟಿದೆ. ಫಕೀರವ್ವ ಗಾಡಿಯಿಂದ ಕೈ ಚಾಚಿ ನನ್ನ ತಲೆ ಸವರಿ, "ಬರ್ತೀವಿ ಅಕ್ಕಾ, ಕೆರಿ ಮುಟ್ಟಿದ ಮ್ಯಾಲ ಸುದ್ದಿ ಕಳಸ್ತೀವಿ," ಎಂದಳು. ತಮ್ಮ ಗಾಡಿಯನ್ನು ನನ್ನ ಪಕ್ಕದಿಂದ ಬಳಸಿಕೊಂಡು ಹೋದ.

ಮಾರನೆಯ ಮುಂಜಾನೆ ನಾವು ಉಳಿದವರು ದಿಬ್ಬದ ಕಡೆ ಹೊರಡುವ ತಯಾರಿಯಲ್ಲಿದ್ದೆವು. ಹಾಸಿಗೆ ಹಿಡಿದವರಿಗೆ ಡೋಲಿ ಕಟ್ಟುತ್ತಿದ್ದೆವು. ಆಗ ಉಗಿಬಾವಿಯ ಕಡೆಯಿಂದ ಗಾಳಿಮಾತಿನಲ್ಲಿ ಸುದ್ದಿ ಬಂತು. ಗಾಳಿಮಾತು ಎಂದರೆ ತಂತಿಯಿಲ್ಲದೆ ದೂರಕ್ಕೆ ಮಾತು ಮುಟ್ಟಿಸುವ ನಮ್ಮ ಪೆಟ್ಟಿಗೆ. ಎಳ್ಳಮಾಸಿ ಮುಗಿಸಿದ ಬೊಂತವ್ವ ರೇಣವ್ವನನ್ನು ಕರೆದುಕೊಂಡು ತವರಿಗೆ ಹೊರಟಿದ್ದಾಳೆ, ಬಾವಿಯ ಹತ್ತಿರ ಬರುತ್ತಿದ್ದಾಳೆ ಎಂದು ಅಲ್ಲಿಯ ಕಾವಲಿನವ ಹೇಳಿದ. ನಾನು ಡೋಲಿಯ ಹಗ್ಗ ಅಲ್ಲೇ ಬಿಟ್ಟು ಓಡಿದೆ.

ಬಾವಿಗಳ ನಡುವಿನ ಕಟ್ಟೆಯ ಮೇಲೆ ಅವರು ಸಿಕ್ಕರು. ಉಗಿ ಎಂದಿನಂತೆ ಬಿಳಿಯಾಗಿರಲಿಲ್ಲ, ಹಳದಿ ತಿರುಗಿತ್ತು, ಗಂಧಕದ ವಾಸನೆಗೆ ಕಣ್ಣು ಉರಿಯುತ್ತಿತ್ತು. ರೇಣವ್ವ ತುಂಬಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ನಕ್ಕಳು.

"ಅವ್ವಾ, ನಾನ ಬರಾಕತ್ತಿದ್ನೆಲ್ಲ, ನೀ ಯಾಕ ಓಡಿ ಬಂದಿ?"

"ತಿರುಗವ್ವಾ. ಬಂದ ಹಾದಿ ಹಿಡಿ."

"ತವರಿಗೆ ಬ್ಯಾಡಂತಿಯೇನು?"

"ಬ್ಯಾಡ."

ಅವಳ ಮುಖದ ನಗು ಹಾಗೆಯೇ ನಿಂತುಹೋಯಿತು. ಬೊಂತವ್ವ ಮುಂದೆ ಬಂದಳು. "ಅಲ್ರೀ ಬೀಗತೇರ, ಚೊಚ್ಚಲ ಬಸರಿ. ಹೊಟ್ಟಿ ತುಂಬಿದಾಕೀನ ಅರ್ಧಾ ಹಾದ್ಯಾಗ ನಿಲ್ಲಿಸಿ ತಿರುಗಿ ಕಳಸ್ತಾರೇನ್ರಿ?"

ಅವಳಿಗೆ ಹೇಳಿದೆ. ನಿಮ್ಮ ದಿಬ್ಬ ನಿಮ್ಮ ಹಿತ್ತಲಲ್ಲೇ ಇದೆ, ಕೇರಿಯವರನ್ನೆಲ್ಲ ಎಬ್ಬಿಸಿಕೊಂಡು ಹತ್ತಿರಿ, ಮಧ್ಯಾಹ್ನದೊಳಗೆ ಮೇಲಿರುತ್ತೀರಿ. ನಮ್ಮ ಕಡೆ ಅರ್ಧ ದಿನ ಬಯಲು, ಆಮೇಲೆ ಏರು. ಈ ಸ್ಥಿತಿಯಲ್ಲಿ ಇವಳು ನಡೆದು ಮುಟ್ಟುವುದಿಲ್ಲ. ಹೊಲಿಗೆ ಬಿಚ್ಚಿದರೆ ನಡುವೆ ಸಿಗುತ್ತಾಳೆ. ಬೊಂತವ್ವ ಕಾಲ ಕೆಳಗಿನ ಕಟ್ಟೆಯನ್ನು ನೋಡಿದಳು. ಅದರಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು.

"ಹಂಗಾದ್ರ ನೀನ ಬಾರಬೇ ನನ್ನ ಕೂಡ," ಎಂದಳು ರೇಣವ್ವ. "ನಂಗ ಹೆದರಿಕಿ ಆಗತೈತಿ."

"ನಾ ಬಂದ್ರ ಆ ಕಡೀ ಮಂದೀನ ಯಾರ ಹತ್ತಸ್ತಾರ? ಹಾಸಿಗ್ಯಾಗ ಇದ್ದವರನ್ನ ಯಾರ ಹೊರ್ತಾರ?"

"ನಾ ನಿನ್ನ ಮಗಳಲ್ಲೇನು?"

ಬೊಂತವ್ವನ ಕೈ ಹಿಡಿದು, "ಇನ್ನ ಆಕೀಗೆ ನೀವ ತವರು," ಎಂದೆ.

"ನಾನೂ ಹಡದಾಕಿನ. ನಡೀರಿ ನೀವು, ನಿಮ್ಮ ಮಂದಿ ಕಾಯ್ತಾರ," ಎಂದು ಅವಳು ಸೊಸೆಯ ಭುಜ ಬಳಸಿ ತಿರುಗಿಸಿದಳು. ರೇಣವ್ವ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಹಳದಿ ಉಗಿಯಲ್ಲಿ ಅವಳ ಸೆರಗು ಮರೆಯಾಗುವ ತನಕ ನಿಂತಿದ್ದೆ. ನೆಲ ಒಮ್ಮೆ ಜೋರಾಗಿ ಅದುರಿತು. ಬಾವಿಯ ಕಾವಲಿನವರನ್ನೂ ಎಬ್ಬಿಸಿಕೊಂಡು ಓಡಿ ಬಂದೆ.

ದಿಬ್ಬದ ಮುಕ್ಕಾಲು ಹತ್ತಿದ್ದೆವು. ಇಳಿಬಿಸಿಲು ಬೆನ್ನ ಹಿಂದೆ ದೂರದ ಮೂಡಣ ಗೋಡೆಯ ಮೇಲೆ ಬಿದ್ದಿತ್ತು. ಡೋಲಿ ಹೊತ್ತವರು ಹೆಗಲು ಬದಲಿಸಲು ನಿಂತಾಗ ಯಾರೋ ಕೂಗಿದರು. ತಿರುಗಿ ನೋಡಿದೆ. ಮೊದಲು ಸದ್ದೇ ಇರಲಿಲ್ಲ. ಬಡಗಣದ ಕಡೆಯಿಂದ ಕಣಿವೆಯ ನಡುವೆ ಧೂಳಿನ ಒಂದು ಗೆರೆ ಎದ್ದು, ಯಾರೋ ಅರಿವೆಯನ್ನು ಸರ್ರನೆ ಹರಿದಂತೆ, ನಮ್ಮ ಮುಂದೆ ಹಾದು ತೆಂಕಣಕ್ಕೆ ಹೋಯಿತು. ಉಗಿಬಾವಿಗಳ ಗೋಪುರಗಳು ಒಂದರ ಹಿಂದೊಂದು ಒರಗಿದವು. ಆಮೇಲೆ ಸದ್ದು ಬಂತು. ದಿಬ್ಬ ಅಲುಗಾಡಿತು, ಮಕ್ಕಳು ನೆಲಕ್ಕೆ ಅಂಟಿಕೊಂಡರು. ಧೂಳಿನ ಗೆರೆಯ ಜಾಗದಲ್ಲಿ ಕೆಂಪು ಗೆರೆ ಕಂಡಿತು. ಕಣ್ಣು ಮುಟ್ಟುವ ತನಕ ಬೆಂಕಿಯ ಬೇಲಿ. ಹುಲಿಗೆಪ್ಪ ನನ್ನ ಪಕ್ಕದಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ತೆಂಕಣ ರಸ್ತೆ ಆ ಬೇಲಿಯ ಒಳಗಿತ್ತು.

ಪಡುವಲಕೇರಿ ಸುಟ್ಟುಹೋಯಿತು. ದಿಬ್ಬ ಹತ್ತಿದವರಲ್ಲಿ ಒಬ್ಬರೂ ಸಾಯಲಿಲ್ಲ. ಹಗಲಿರುಳೂ ಬೂದಿ ಸುರಿಯಿತು, ಒದ್ದೆ ಅರಿವೆಯನ್ನು ಮೂಗಿಗೆ ಕಟ್ಟಿಕೊಂಡು ಗುಹೆಗಳಲ್ಲಿ ಕೂತೆವು. ಗಾಳಿಮಾತಿನ ಕಂಬ ಬಾವಿಯ ಹತ್ತಿರವಿತ್ತು, ಅದರೊಂದಿಗೆ ಆಚೆ ದಿಬ್ಬದ ದನಿಯೂ ಹೋಯಿತು. ಬೂದಿ ಸರಿದು ಮೂಡಣ ಗೋಡೆ ಕಾಣತೊಡಗಿದಾಗ ಕನ್ನಡಿ ಹಿಡಿದು ಬಿಸಿಲನ್ನು ಆಚೆಗೆ ಬೀರಿದೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅಲ್ಲಿಂದಲೂ ಒಂದು ಬೆಳಕು ಮಿನುಗಿತು. ಹೆಂಗಸರು ಅತ್ತರು. ನನಗೆ ಅಳಲೂ ಆಗಲಿಲ್ಲ. ಆ ಬೆಳಕು ಯಾರೋ ಇದ್ದಾರೆ ಎನ್ನುತ್ತಿತ್ತು, ಯಾರು ಇದ್ದಾರೆ ಎನ್ನುತ್ತಿರಲಿಲ್ಲ.

ಅಳಿಯ ತೋಲಪ್ಪ ಬಡಗಣದಲ್ಲಿ ಬಿರುಕು ಮುಗಿಯುವ ತುದಿಯನ್ನು ಸುತ್ತಿಕೊಂಡು, ಪಾದ ಒಡೆದುಕೊಂಡು ನಮ್ಮ ದಿಬ್ಬಕ್ಕೆ ಬಂದು ಮುಟ್ಟುವ ತನಕ ನಾನು ಹಾಗೆಯೇ ಇದ್ದೆ. ಅವನು ಕೂರುವ ಮೊದಲೇ ಹೇಳಿದ:

"ಅತ್ತಿ, ಗಂಡ ಕೂಸು. ಇಬ್ರೂ ಅರಾಮ ಅದಾರ."

ಏರಿ ಮುಟ್ಟಿದ ಮೂರನೆಯ ದಿನ, ಬಂಡೆಯ ಸಂದಿಯಲ್ಲಿ, ಬೊಂತವ್ವನ ಕೈಯಲ್ಲಿ ಹುಟ್ಟಿತಂತೆ. ರೇಣವ್ವ ಏನಾದರೂ ಹೇಳಿಕಳಿಸಿದಳೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. "ಇಲ್ರಿ," ಎಂದ. ಸುಳ್ಳು ಹೇಳದ ಹುಡುಗ.

ಮುರಿಗೆಪ್ಪನ ಗಾಡಿಗಳಲ್ಲಿ ಒಂದರ ಚಾಲಕ ಮಾತ್ರ ಬದುಕಿ ಕೆರೆಯ ಊರು ಮುಟ್ಟಿದ. ಬೆಂಕಿ ಬರುವ ಮೊದಲು ರಸ್ತೆ ಬಾಯಿ ಬಿಟ್ಟಿತಂತೆ. ಹಿಂದಿನ ಗಾಡಿ ನಿಂತದ್ದನ್ನು ನೋಡಿ ನನ್ನ ತಮ್ಮ ಇಳಿದು ಹಿಂದಕ್ಕೆ ಓಡಿದನಂತೆ. ಅಷ್ಟೇ ತಿಳಿದದ್ದು. ಅವನೂ ಫಕೀರವ್ವನೂ ಅವರ ಜೊತೆ ಹೋದವರೂ ಈಗ ಆ ಹೊಸ ಬಂಡೆಯ ಕೆಳಗಿದ್ದಾರೆ. ನೀವು ಜೋಳ ಬಿತ್ತುವುದು ಅವರ ಮೇಲೆ.

ಅದಕ್ಕೆ ನನ್ನ ಕೋರಿಕೆ ಕೇಳಿರಿ. ಇಳಿಯಬೇಡಿ ಎಂದು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಉಗಿ ಬೇಕಾದರೆ ಬಾವಿ ಮಾತ್ರ ಹೊಲಿಗೆಯ ಮೇಲಿರಲಿ. ಮನೆ, ತೊಟ್ಟಿಲು, ಹಾಸಿಗೆ ಹಿಡಿದವರು ದಿಬ್ಬದ ಮೇಲಿರಲಿ. ಕಣಿವೆಯ ಉದ್ದಕ್ಕೆ ಒಂದು ರಸ್ತೆ ಮಾಡಿದರೆ, ದಿಬ್ಬ ಹತ್ತಲು ಗಾಡಿ ಹೋಗುವಂಥ ಎರಡು ರಸ್ತೆ ಮೊದಲು ಮಾಡಿರಿ. ಅಂಥ ಒಂದು ರಸ್ತೆ ಇದ್ದಿದ್ದರೆ ಫಕೀರವ್ವ ಬದುಕುತ್ತಿದ್ದಳು. ಮತ್ತು ನೆಲಗಿವಿಯವನು ಸುಮ್ಮನೆ ಬಂದು ಚಾವಡಿಯಲ್ಲಿ ಕೂತರೆ, ಅವನನ್ನು ಮಾತಾಡಿಸಿರಿ.

ಹೊಲಿಗೆ ಈಗ ತಣ್ಣಗಾಗುತ್ತಿದೆ. ಬೆಂಕಿ ಹರಿಯದ ಒಂದು ಕಡೆ ಬಿರುಕು ಕಿರಿದಾಗಿದೆ, ಅಲ್ಲಿ ಹಲಗೆ ಹಾಕಿದ್ದಾರೆ. ಹುಲಿಗೆಪ್ಪ ಒಂದು ವಾರದಿಂದ ಚುಕ್ಕಿ ಇಟ್ಟಿಲ್ಲ. ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಬರಲು ಜನ ಕಳಿಸೋಣ, ತವರಿನ ಶಾಸ್ತ್ರ ಈಗಲಾದರೂ ಆಗಲಿ ಎಂದು ಪಂಚರು ಅಂದರು. ನಾನು ಬೇಡ ಎಂದೆ. ಆ ಹಲಗೆಯ ಮೇಲೆ ಕೂಸು ಬರಕೂಡದು. ಇನ್ನು ಮೇಲೆ ಹೊಸಕಟ್ಟಿಯಲ್ಲಿ ಬಸುರಿ ತವರಿಗೆ ಹೊಲಿಗೆ ದಾಟಿ ಬರುವುದು ಬೇಡ, ತವರಿನವರೇ ದಾಟಿ ಹೋಗಲಿ ಎಂದು ಪಂಚರ ಮುಂದೆ ಹೇಳಿದ್ದೇನೆ. ನಿಮ್ಮ ಕಾಲದಲ್ಲೂ ಆ ಪದ್ಧತಿ ಉಳಿದಿದ್ದು, ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ, ಈ ಕಾಗದ ಓದಿ ಹೇಳಿರಿ.

ಬಾಣಂತಿಗೆ ಅಂಟಿನುಂಡಿ ಕಟ್ಟಿದ್ದೇನೆ, ಕೂಸಿಗೆ ಕುಂಚಿಗೆ ಹೊಲಿದಿದ್ದೇನೆ. ನನ್ನನ್ನು ಹಲಗೆ ದಾಟಿಸಿ ಮೂಡಣ ದಿಬ್ಬಕ್ಕೆ ಕರೆದೊಯ್ಯಲು ತೋಲಪ್ಪ ಗುಹೆಯ ಬಾಯಲ್ಲಿ ನಿಂತು ಹೊತ್ತು ಏರಿತು ಎನ್ನುತ್ತಿದ್ದಾನೆ. ಮಗಳು ನನ್ನೊಡನೆ ಮಾತಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಆಡದಿದ್ದರೂ ಬಾಣಂತನ ಮಾಡಿ, ಕೂಸಿಗೆ ಎಣ್ಣೆ ಹಚ್ಚಿ ಎರೆದು, ಅವಳು ಮಾತಾಡುವ ತನಕ ಅಲ್ಲೇ ಇರುತ್ತೇನೆ.

ನಿಮಗೆ ಒಳ್ಳೆಯದಾಗಲಿ. ಹೋಗಿಬರುತ್ತೇನೆ.

ನಿಮ್ಮ ಹಿರಿಯಳು,
ಬಾಳವ್ವ